ಮನೆತನದ ಕಾಯಿಲೆಗಳ ಲೆಕ್ಕ: ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದಿಡುವ ಬಗೆ

ಮಗನಿಗೆ ಆರು ವರ್ಷವಿದ್ದಾಗ ಟಾನ್ಸಿಲ್ಸ್ ಆಪರೇಷನ್‌ಗೆ ಅಂತ ಬೆಂಗಳೂರಿಗೆ ಕರಕೊಂಡು ಹೋಗಿದ್ದೆವು. ಹಿಂದಿನ ದಿನ ಅರಿವಳಿಕೆ ಕೊಡುವ ಡಾಕ್ಟರಮ್ಮ ಫಾರಂ ಹಿಡಿದುಕೊಂಡು ಬಂದು ಸಾಲಾಗಿ ಕೇಳಿದರು. ಅಲರ್ಜಿ ಇದೆಯಾ? ಇಲ್ಲ. ಉಬ್ಬಸ? ಇಲ್ಲ. ಫಿಟ್ಸ್? ಇಲ್ಲ. ಮನೆಯವರಿಗೆ ಯಾರಿಗಾದರೂ ಆಪರೇಷನ್ ಹೊತ್ತಲ್ಲಿ ಮತ್ತಿನ ಇಂಜೆಕ್ಷನ್ನಿಂದ ತೊಂದರೆ ಆಗಿತ್ತಾ? ಇಲ್ಲ ಮೇಡಂ. ಶಿಡ್ಲಘಟ್ಟದಲ್ಲಿ ಹದಿನೆಂಟು ವರ್ಷದಿಂದ ಮೆಡಿಕಲ್ ಸ್ಟೋರ್ ಇಟ್ಟವನು ನಾನು. ಇಂಥ ಪ್ರಶ್ನೆಗಳಿಗೆ ‘ಇಲ್ಲ’ ಅನ್ನುವುದು ಬಾಯಿಗೆ ಅಭ್ಯಾಸವಾಗಿಬಿಟ್ಟಿತ್ತು.

ಪಕ್ಕದ ಬೆಂಚಿನ ಮೇಲೆ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಮ್ಮ, ‘ಲೋ, ನಿಮ್ ಚಿಕ್ಕಮಾವಂಗೆ ಆಗಿತ್ತಲ್ಲೋ’ ಅಂದಳು.

‘ಏನಾಗಿತ್ತು?’

‘ಹೊಟ್ಟೆ ಆಪರೇಷನ್ ಮಾಡಿದ್ರಲ್ಲ. ಬೆಳಿಗ್ಗೆ ಒಳಗೆ ಹೋದೋನು ದೀಪ ಹಚ್ಚೋ ಹೊತ್ತಾದ್ರೂ ಎದ್ದಿರ್ಲಿಲ್ಲ. ಉಸಿರೇ ಆಡ್ತಿರ್ಲಿಲ್ವಂತೆ, ಯಾರೋ ಕೂತ್ಕಂಡು ಬಲೂನ್ ಒತ್ತುತಾ ಇದ್ರಂತೆ. ಆಮೇಲೆ ಸರಿಹೋಯ್ತು.’

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ‘ನಿಮ್ಮ ಮದುವೆ ಸಂಬಂಧದಲ್ಲೇ ಆಗಿದ್ದಾ?’

‘ಹೌದು ಮೇಡಂ. ನನ್ನ ಹೆಂಡತಿ ನಮ್ಮಕ್ಕನ ಮಗಳು.’

ಮಾರನೇ ದಿನದ ಆಪರೇಷನ್ ನಿಂತಿತು. ಹುಡುಗನ ರಕ್ತ ತೆಗೆದು ಕೋಲಿನ್‌ಎಸ್ಟರೇಸ್ ಅನ್ನುವ ಪರೀಕ್ಷೆಗೆ ಕಳಿಸಿದರು. ಗಂಟಲಿಗೆ ಟ್ಯೂಬು ಹಾಕುವ ಮುಂಚೆ ಸ್ನಾಯು ಸಡಿಲ ಮಾಡಲು ಸ್ಕೋಲಿನ್ ಅನ್ನುವ ಇಂಜೆಕ್ಷನ್ ಕೊಡುವುದುಂಟು. ನಮ್ಮ ರಕ್ತದಲ್ಲಿರುವ ಕೋಲಿನ್‌ಎಸ್ಟರೇಸ್ ಅನ್ನುವ ಈ ಕಿಣ್ವ ಅದನ್ನು ಕೆಲವೇ ನಿಮಿಷದಲ್ಲಿ ಕರಗಿಸಿಬಿಡುತ್ತದೆ. ಕೆಲವರಿಗೆ ಆ ಕಿಣ್ವ ಹುಟ್ಟಿನಿಂದಲೇ ಸರಿಯಿರುವುದಿಲ್ಲ. ಅಂಥವರಿಗೆ ಅದೇ ಇಂಜೆಕ್ಷನ್ ಗಂಟೆಗಟ್ಟಲೆ ಬಿಡುವುದಿಲ್ಲ, ಉಸಿರಾಟದ ಸ್ನಾಯುವೂ ಅಲ್ಲಾಡುವುದಿಲ್ಲ. ಮೊದಲೇ ಗೊತ್ತಿದ್ದರೆ ಬೇರೆ ಔಷಧಿ ಕೊಡುತ್ತಾರೆ, ಅಷ್ಟೇ. ದಿನನಿತ್ಯದ ಬದುಕಿಗೆ ಇದರಿಂದ ಏನೂ ತೊಂದರೆಯಿಲ್ಲ. ರಿಪೋರ್ಟಿನಲ್ಲಿ ಮಗನ ಲೆಕ್ಕ ತೀರಾ ಕಮ್ಮಿ ಬಂತು. ಕೀಟನಾಶಕದಿಂದಲೂ ಇದು ಇಳಿಯುತ್ತದಂತೆ. ಮನೆ ಹತ್ತಿರ ಟೊಮೆಟೊ ತೋಟಕ್ಕೆ ಔಷಧಿ ಹೊಡೆದಿದ್ದರಾ, ಹುಡುಗ ಅಲ್ಲಿ ಆಡಿದ್ದನಾ ಅಂತಲೂ ಕೇಳಿದರು. ಹಾಗೇನೂ ಆಗಿರಲಿಲ್ಲ. ಸ್ವಲ್ಪ ದಿನ ಬಿಟ್ಟು, ಬೇರೆ ಔಷಧಿ ಕೊಟ್ಟು ಆಪರೇಷನ್ ಮಾಡಿದರು. ಮಧ್ಯಾಹ್ನಕ್ಕೆಲ್ಲ ಐಸ್‌ಕ್ರೀಮ್ ಬೇಕು ಅಂತ ಹಟ ಹಿಡಿದಿದ್ದ.

ಚಿಕ್ಕಮಾವನಿಗೆ ಅವತ್ತಿನ ಆಸ್ಪತ್ರೆಯವರು ಒಂದು ಚೀಟಿ ಬರೆದುಕೊಟ್ಟಿದ್ದರಂತೆ, ‘ಮುಂದೆ ಆಪರೇಷನ್ ಆದರೆ ತೋರಿಸಿ’ ಅಂತ. ಅದು ಅವನೊಬ್ಬನಿಗೆ ಅಂತ ಎಲ್ಲರೂ ತಿಳಿದುಕೊಂಡರು. ಅವನ ಅಕ್ಕಂದಿರಿಗೆ, ಅವರ ಮಕ್ಕಳಿಗೂ ಅದು ಸಂಬಂಧಪಟ್ಟದ್ದು ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ. ಒಂದು ಸಂಕ್ರಾಂತಿಗೆ ಮನೆಗೆ ಸುಣ್ಣ ಹೊಡೆಯುವಾಗ ಚೀಟಿ ಕಸದ ಜೊತೆ ಹೋಯಿತು.

ಊರಿಗೆ ಬಂದ ಮೇಲೆ ಕೂತು ಯೋಚಿಸಿದೆ. ನಮ್ಮ ಮನೆಯಲ್ಲಿ ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ‘ಕಾಯಿಲೆ ಇತ್ತಾ’ ಅಂತ ಕೇಳಿದ್ದಕ್ಕೆ ‘ಇಲ್ಲ’ ಬಂದಿತ್ತು. ಚಿಕ್ಕಮಾವನಿಗೆ ಆದದ್ದು ಅಮ್ಮನ ಲೆಕ್ಕದಲ್ಲಿ ಕಾಯಿಲೆಯಲ್ಲ, ‘ಅವತ್ತು ಆಗಿದ್ದು’. ಅದಕ್ಕೇ ಮನೆತನದ ಕಾಯಿಲೆ ಬರೆದಿಡಲು ಹೊರಟವರಿಗೆ ನಾನು ಮೊದಲು ಹೇಳುವುದು ಇದು: ಕಾಯಿಲೆಯ ಹೆಸರು ಕೇಳಬೇಡಿ. ಏನು ಕಂಡಿರಿ, ಆಗ ಅವರಿಗೆ ಎಷ್ಟು ವಯಸ್ಸು ಅಂತ ಕೇಳಿ.

ಕೇಳುವ ಹೊತ್ತು

ಮದುವೆ ಮನೆಯಲ್ಲಿ ಕೇಳಬೇಡಿ. ಹೆಣ್ಣು-ಗಂಡು ನೋಡುವ ಬಾಯಿಗಳು ಸುತ್ತ ಇರುತ್ತವೆ, ಯಾರೂ ನಿಜ ಹೇಳುವುದಿಲ್ಲ. ತಿಥಿಯ ದಿನ ಊಟ ಮುಗಿದ ಮೇಲೆ ಪರವಾಗಿಲ್ಲ. ಹೋದವರ ಮಾತು ಹೇಗೂ ನಡೀತಿರುತ್ತೆ. ನನಗೆ ದಕ್ಕಿದ್ದು ಅವರೆಕಾಯಿ ಕಾಲ. ಡಿಸೆಂಬರ್ ಕೊನೆಗೆ ನಮ್ಮ ಕಡೆ ಮನೆಮನೆಯಲ್ಲೂ ರಾತ್ರಿ ನೆನೆಹಾಕಿದ ಅವರೆಕಾಳಿನ ಕೊಳಗ ನಡುವೆ ಇಟ್ಟುಕೊಂಡು ಸುತ್ತ ಕೂತು ಹಿದುಕುತ್ತಾರಲ್ಲ, ಆಗ ಕೈಗೆ ಪೂರಾ ಕೆಲಸ, ಬಾಯಿಗೆ ಏನೂ ಇಲ್ಲ. ನಾನೂ ಒಂದು ತಟ್ಟೆ ಹಿಡಿದು ಕೂತೆ.

‘ದೊಡ್ಡಮ್ಮ, ತಾತಂಗೆ ಏನು ಕಾಯಿಲೆ ಇತ್ತು?’

‘ಏನೂ ಇರ್ಲಿಲ್ಲಪ್ಪ. ಕಲ್ಲುಗುಂಡಿನಂಗೆ ಇದ್ದ.’

‘ಮತ್ತೆ ಹೆಂಗೆ ಹೋದ್ರು?’

‘ರಾಗಿ ಕುಯ್ಯೋ ಟೈಮು ಕಣಪ್ಪ. ಬದುವಿನ ಮೇಲೆ ಎದೆ ಹಿಡ್ಕಂಡು ಕೂತ. ನೀರು ತರೋಷ್ಟ್ರಲ್ಲಿ ಇಲ್ಲ.’

‘ಆಗ ನಿಂಗೆಷ್ಟು ವಯಸ್ಸು?’

‘ನಂಗಾ? ಮದ್ವೆ ಆಗಿ ವರ್ಷ ಆಗಿತ್ತು.’

ದೊಡ್ಡಮ್ಮನ ಮದುವೆ ಹದಿನೆಂಟಕ್ಕೆ. ಅವಳು ತಾತನ ಚೊಚ್ಚಲು, ಅವನಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ಇದ್ದಾಗ ಹುಟ್ಟಿದ್ದು. ಕೂಡಿಸಿದರೆ ತಾತ ಹೋದಾಗ ನಲವತ್ತೆರಡು, ನಲವತ್ಮೂರು. ಇಷ್ಟು ವರ್ಷ ನಾನು ತಾತ ವಯಸ್ಸಾಗಿ ಹೋದರು ಅಂತಲೇ ನಂಬಿದ್ದೆ. ಫೋಟೊದಲ್ಲಿ ಮೀಸೆ ಹಾಗಿತ್ತು.

ವಯಸ್ಸು ಯಾರಿಗೂ ನೆನಪಿರುವುದಿಲ್ಲ. ಹೀಗೆ ಸುತ್ತು ಹಾಕಿಯೇ ಹಿಡಿಯಬೇಕು. ‘ಇಂದಿರಾ ಗಾಂಧಿ ಹೋಗೋಕೆ ಮುಂಚೆನಾ ಆಮೇಲಾ’ ಅಂದರೆ 1984ರ ಆಚೆಯೋ ಈಚೆಯೋ ಗೊತ್ತಾಗುತ್ತೆ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತುಕೊಂಡು ಹೋದದ್ದು 2000. ನಮ್ಮ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದದ್ದು 2007. ಕೊರೊನಾ ವರ್ಷ ಯಾರೂ ಮರೆಯುವುದಿಲ್ಲ. ಐದಾರು ವರ್ಷ ಹೆಚ್ಚುಕಮ್ಮಿಯಾದರೂ ಡಾಕ್ಟರಿಗೆ ಸಾಕು.

ವಯಸ್ಸು ಅಷ್ಟು ಮುಖ್ಯ ಯಾಕೆಂದರೆ, ಎಂಬತ್ತಕ್ಕೆ ಹಾರ್ಟ್ ಅಟ್ಯಾಕ್ ಆಗಿ ಹೋದ ಅಜ್ಜ ಮೊಮ್ಮಗನ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಗಂಡಸಿಗೆ 55ರೊಳಗೆ, ಹೆಂಗಸಿಗೆ 65ರೊಳಗೆ ಆಗಿದ್ದರೆ ಹೇಳುತ್ತಾನೆ. ಹುಟ್ಟಿನಿಂದಲೇ ಕೊಲೆಸ್ಟರಾಲ್ ಏರಿರುವ ಒಂದು ಬಗೆಯುಂಟು. ಅಪ್ಪ-ಅಮ್ಮನಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮಗು ಆಡಿಕೊಂಡು ತಿಂದುಕೊಂಡು ಚೆನ್ನಾಗೇ ಇರುತ್ತೆ, ರಕ್ತ ನೋಡದೆ ಗೊತ್ತಾಗುವುದಿಲ್ಲ. ಇಂಥ ಮನೆಯ ಮಕ್ಕಳಿಗೆ ಎರಡು ವರ್ಷ ದಾಟಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿಸಬಹುದು. ನಾನು ಮೊದಲು ಅಮ್ಮಂದು, ನಂದು ಮಾಡಿಸಿದೆ, ಆಮೇಲೆ ಮಕ್ಕಳದ್ದು. ನಂದು ಕೊಂಚ ಜಾಸ್ತಿ, ಮಕ್ಕಳದ್ದು ಸರಿಯಾಗಿತ್ತು. ತಾತನದು ಬೀಡಿ ಇರಬಹುದು. ಇರಲಿ, ಬರೆದಿಟ್ಟಿದ್ದೇನೆ.

ಅಜ್ಜಿಯರ ಮಾತು ಬಿಡಿಸಿಕೊಳ್ಳುವುದು

ಅಂಗಡಿಯ ಕೌಂಟರಿನಲ್ಲಿ ನಿಂತು ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ಹಳಬರು ಕಾಯಿಲೆಗೆ ಇಡುವ ಹೆಸರೇ ಬೇರೆ. ‘ಬಾಲಗ್ರಹ’ ಅಂದರೆ ಹೆಚ್ಚಿನಂಶ ಕೂಸಿಗೆ ಫಿಟ್ಸ್ ಬಂದದ್ದು. ಆಗ ಮುಂದಿನ ಪ್ರಶ್ನೆ: ಮೈ ಸುಡ್ತಿತ್ತಾ? ಜ್ವರ ಬಂದಾಗ ಮಾತ್ರನಾ, ಸುಮ್ಮಸುಮ್ಮನೆ ಬರ್ತಿತ್ತಾ? ಎಷ್ಟು ವರ್ಷದವರೆಗೆ? ಆರು ತಿಂಗಳಿಂದ ಐದು ವರ್ಷದ ನಡುವೆ ಜ್ವರದ ಜೊತೆ ಬಂದು ಆಮೇಲೆ ನಿಂತುಹೋದ ಫಿಟ್ಸ್ ಮನೆತನದಲ್ಲಿ ಹರಿದು ಬರುತ್ತೆ, ಆದರೆ ಅದು ಅಪಸ್ಮಾರವಲ್ಲ. ನನ್ನ ಹೆಂಡತಿಗೆ ಎರಡು ವರ್ಷದ ಮಗುವಾಗಿದ್ದಾಗ ಬಂದಿತ್ತು ಅಂತ ಅಕ್ಕ ಹೇಳಿದ್ದೇ ಆ ಅವರೆಕಾಳಿನ ಮುಂದೆ. ‘ಕೈಗೆ ಬೀಗದ ಕೈ ಕೊಟ್ವಿ, ನಿಲ್ಲಲಿಲ್ಲ. ಕಾಲಿಗೆ ಬರೆ ಹಾಕಿದ್ವಿ’ ಅಂದಳು. ಹೆಂಡತಿ ಹಿಮ್ಮಡಿ ಮೇಲಿನ ಗುರುತು ನೋಡಿಕೊಂಡು, ‘ಇದು ಅದಾ? ಒಲೆ ತಾಗಿದ್ದು ಅಂದಿದ್ಯಲ್ಲಮ್ಮ’ ಅಂದಳು.

ಇದು ಗೊತ್ತಿದ್ದರೆ ಆಗುವ ಲಾಭವೆಂದರೆ, ನಿಮ್ಮ ಮಗುವಿಗೆ ಹಾಗೆ ಬಂದ ರಾತ್ರಿ ಗಾಬರಿಯಿಂದ ನಿಮ್ಮ ಕೈಕಾಲು ಕೆಡುವುದಿಲ್ಲ. ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ನೀರೂ ಬೇಡ, ಚಮಚವೂ ಬೇಡ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಕಾಯುತ್ತಾ ಕೂರದೆ ಆಸ್ಪತ್ರೆಗೆ ಓಡಿ. ಮೊದಲ ಸಲ ಬಂದದ್ದಾದರೆ ನಿಮಿಷದಲ್ಲೇ ನಿಂತರೂ ಅವತ್ತೇ ತೋರಿಸಿ.

‘ಮೂಗಿ’ ಅಂದರೆ ಗಂಟಲಿನ ದೋಷ ಅಂತ ತಿಳಿಯಬೇಡಿ. ಹುಟ್ಟಾ ಕಿವಿ ಕೇಳದ್ದಕ್ಕೇ ಮಾತು ಬಂದಿರುವುದಿಲ್ಲ. ಅಂಥವರು ವಂಶದಲ್ಲಿದ್ದರೆ, ಹುಟ್ಟಿದ ಕೂಸಿನ ಕಿವಿಗೆ ಚಿಕ್ಕ ಬಿರಡೆ ಇಟ್ಟು ಮಾಡುವ ಓಎಇ ಪರೀಕ್ಷೆಯನ್ನು ಕೇಳಿ ಮಾಡಿಸಿ. ಒಂದು ತಿಂಗಳೊಳಗೆ ಪರೀಕ್ಷೆ, ಅನುಮಾನ ಬಂದರೆ ಮೂರು ತಿಂಗಳೊಳಗೆ ಖಾತ್ರಿ, ಆರು ತಿಂಗಳೊಳಗೆ ಕಿವಿಗೆ ಮೆಷಿನ್ ಮತ್ತು ತರಬೇತಿ ಅನ್ನುವುದು ಡಾಕ್ಟರುಗಳ ಲೆಕ್ಕ. ‘ಅವರಪ್ಪನೂ ಮಾತು ಲೇಟು’ ಅಂತ ಮೂರು ವರ್ಷ ಕಾದವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

‘ಕೆಮ್ಮಿನ ಕಾಯಿಲೆ, ಸ್ಯಾನಿಟೋರಿಯಂನಲ್ಲಿದ್ದ’ ಅಂದರೆ ಕ್ಷಯ. ‘ಲಕ್ವ ಹೊಡೀತು’ ಅಂದರೆ ಸ್ಟ್ರೋಕ್. ‘ನೀರಲ್ಲಿ ಹೋದ’ ಅಂದರೆ ಅಲ್ಲಿಗೇ ಬಿಡಬೇಡಿ. ಈಜು ಬರುತ್ತಿದ್ದ ಹದಿನೈದರ ಹುಡುಗ ಬಾವಿಯಲ್ಲಿ ಹೋದದ್ದಾದರೆ, ಓಡುವಾಗ ಕುಸಿದು ಎದ್ದೇಳದಿದ್ದರೆ, ಪದೇಪದೇ ಎಚ್ಚರ ತಪ್ಪುತ್ತಿದ್ದರೆ ಅದನ್ನು ಮಕ್ಕಳ ಡಾಕ್ಟರಿಗೆ ಹೇಳಿ. ಹೃದಯದ ಬಡಿತದ ಕೆಲವು ದೋಷ ಒಂದು ಇಸಿಜಿಯಲ್ಲಿ ಸಿಗುತ್ತೆ.

ಎಲ್ಲಕ್ಕಿಂತ ಕಷ್ಟದ್ದು ಉಳಿಯದ ಕೂಸುಗಳ ವಿಷಯ. ‘ನಿಂಗೆಷ್ಟು ಮಕ್ಕಳು’ ಅಂದರೆ ಅಜ್ಜಿ ಬದುಕಿರುವವರನ್ನು ಎಣಿಸುತ್ತಾಳೆ. ‘ಎಷ್ಟು ಬಾಣಂತನ ಆಯ್ತು’ ಅಂತ ಕೇಳಬೇಕು. ನಮ್ಮ ದೊಡ್ಡಮ್ಮ ನಾಲ್ಕು ಮಕ್ಕಳು ಅನ್ನುತ್ತಿದ್ದವಳು, ಹಾಗೆ ಕೇಳಿದಾಗ ಆರು ಅಂದಳು. ಹಿದುಕುವುದು ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. ಒಂದು ಮೂರನೇ ದಿನ, ಇನ್ನೊಂದು ಐದನೇ ದಿನ. ಎರಡೂ ಹುಟ್ಟಿದಾಗ ಚೆನ್ನಾಗಿದ್ದವು, ಎರಡು ದಿನ ಹಾಲು ಕುಡಿದವು, ಆಮೇಲೆ ಕುಡಿಯಲಿಲ್ಲ. ಹೀಗೆ ಒಂದೇ ಥರ ಎರಡು ಕೂಸು ಹೋಗಿದ್ದರೆ ಮೈಯಲ್ಲಿ ಆಹಾರ ಅರಗಿಸುವ ರಾಸಾಯನಿಕ ಕ್ರಿಯೆಯ ದೋಷ ಇದ್ದಿರಬಹುದು. ದೊಡ್ಡಮ್ಮನ ಮಗಳು ಬಸುರಿಯಾದಾಗ ಈ ಮಾತನ್ನು ಹೆರಿಗೆ ಡಾಕ್ಟರಿಗೆ ಮೊದಲೇ ಹೇಳಿದೆವು. ಕೂಸು ಹುಟ್ಟಿದ ಮೇಲೆ ಹಿಮ್ಮಡಿ ಚುಚ್ಚಿ ರಕ್ತ ತೆಗೆದು ನೋಡಿದರು, ಏನೂ ಇರಲಿಲ್ಲ.

ಚೌಕ, ಸೊನ್ನೆ, ಎರಡು ಗೆರೆ

ಕೇಳಿದ್ದನ್ನು ಸಾಲಾಗಿ ಬರೆದರೆ ರಾಮಾಯಣವಾಗುತ್ತೆ, ಡಾಕ್ಟರು ಓದುವುದಿಲ್ಲ. ಚಿತ್ರ ಬರೆಯಿರಿ. ಗೋಡೆಯ ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನು ಬೇಕಾದಷ್ಟು ದೊಡ್ಡದಿರುತ್ತೆ. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ಮದುವೆಗೆ ಅಡ್ಡಗೆರೆ, ಮಕ್ಕಳಿಗೆ ಅದರಿಂದ ಕೆಳಗಿಳಿಯುವ ಗೆರೆ. ತೀರಿಹೋದವರಿಗೆ ಮೇಲೆ ಓರೆಗೆರೆ. ಕಾಯಿಲೆಯಿದ್ದವರ ಚೌಕ-ಸೊನ್ನೆಯ ಒಳಗೆ ಮಸಿ ತುಂಬಿ, ಪಕ್ಕದಲ್ಲಿ ‘ಎದೆನೋವು, 42’ ಅಂತ ಇಷ್ಟೇ. ಮಕ್ಕಳು ಕೆಳಗೆ, ನೀವೂ ನಿಮ್ಮ ಒಡಹುಟ್ಟಿದವರೂ ನಡುವೆ, ಅಜ್ಜ-ಅಜ್ಜಿಯರೂ ಅವರ ಒಡಹುಟ್ಟಿದವರೂ ಮೇಲೆ. ಮೂರು ತಲೆಮಾರು ಸಾಕು. ಪ್ರಪಂಚದ ಯಾವ ಡಾಕ್ಟರಾದರೂ ಓದುವ ಭಾಷೆ ಇದು.

ಒಳಸಂಬಂಧದ ಮದುವೆಗೆ ಒಂದರ ಬದಲು ಎರಡು ಗೆರೆ. ನಮ್ಮ ಹಾಳೆಯಲ್ಲಿ ತೊಡಕು ಬಂದದ್ದು ಅಲ್ಲಿ. ನಮ್ಮಮ್ಮ ನನ್ನ ಮಕ್ಕಳಿಗೆ ಅಪ್ಪನ ಕಡೆಯಿಂದ ಅಜ್ಜಿ, ಅಮ್ಮನ ಕಡೆಯಿಂದ ಮುತ್ತಜ್ಜಿ. ಅವಳ ಸೊನ್ನೆಯಿಂದ ಒಂದು ಗೆರೆ ನನಗೆ, ಇನ್ನೊಂದು ಅಕ್ಕನಿಗೆ, ಅಕ್ಕನಿಂದ ನನ್ನ ಹೆಂಡತಿಗೆ. ಎರಡೂ ಬಂದು ಮಗನ ಚೌಕದಲ್ಲಿ ಸೇರುತ್ತವೆ. ಬರೆದು ಮುಗಿಸಿ ಹಿಂದಕ್ಕೆ ವಾಲಿ ನೋಡಿದಾಗ, ಡಾಕ್ಟರಮ್ಮ ಪೆನ್ನು ಯಾಕೆ ಇಟ್ಟರು ಅಂತ ಗೊತ್ತಾಯಿತು. ಈ ಕಿಣ್ವದ ವಂಶವಾಹಿಗೆ ಎರಡು ಪ್ರತಿ, ಅಪ್ಪನಿಂದೊಂದು, ಅಮ್ಮನಿಂದೊಂದು. ಕೆಟ್ಟ ಪ್ರತಿ ಒಂದನ್ನೇ ಹೊತ್ತವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅಮ್ಮನಿಗಿಲ್ಲ, ನನಗಿಲ್ಲ, ಹೆಂಡತಿಗಿಲ್ಲ. ಅದೇ ಪ್ರತಿ ಎರಡೂ ಕಡೆಯಿಂದ ಬಂದ ಮಗುವಿಗೆ ಮಾತ್ರ ತೊಂದರೆ. ಗಂಡ-ಹೆಂಡತಿ ಇಬ್ಬರೂ ಹೊತ್ತಿದ್ದರೆ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಮೊದಲನೆಯದಕ್ಕೆ ಬಂತು, ಇನ್ನು ಮೂರು ಕ್ಷೇಮ ಅನ್ನುವ ಲೆಕ್ಕವಲ್ಲ. ಪ್ರತಿ ಸಲವೂ ಹೊಸದಾಗಿ ಕವಡೆ ಹಾಕಿದ ಹಾಗೆ. ಮಗಳಿಗೂ ಪರೀಕ್ಷೆ ಮಾಡಿಸಿದೆವು, ಅವಳದು ಅಪಾಯದ ಮಟ್ಟಕ್ಕೆ ಇಳಿದಿಲ್ಲ.

ಸೋದರಮಾವ-ಸೊಸೆ ಮದುವೆಯಲ್ಲಿ ಇಬ್ಬರ ವಂಶವಾಹಿಯಲ್ಲಿ ನಾಲ್ಕನೇ ಒಂದು ಪಾಲು ಒಂದೇ. ಅತ್ತೆಯ ಮಗ, ಮಾವನ ಮಗಳಾದರೆ ಎಂಟನೇ ಒಂದು. ಇಂಥ ಮದುವೆಯ ಮಕ್ಕಳಲ್ಲಿ ಬಹುಪಾಲು ಚೆನ್ನಾಗೇ ಹುಟ್ಟುತ್ತಾರೆ, ನಮ್ಮ ಊರಿನಲ್ಲಿ ಅರ್ಧ ಮನೆ ಹೀಗೇ. ನನ್ನ ಮದುವೆಯನ್ನು ನಾನೇ ದೂರಲಾರೆ. ಆದರೆ ಡಾಕ್ಟರು ಕೇಳಿದಾಗ ನಾಚಿಕೊಂಡು ‘ದೂರದ ಸಂಬಂಧ’ ಅನ್ನಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅದೊಂದು ಮಾತಿನಿಂದ ಅವರು ಹುಡುಕುವ ದಿಕ್ಕೇ ಬದಲಾಗುತ್ತೆ.

ಹಾಳೆಯಲ್ಲಿ ಇನ್ನೊಂದು ಕಡೆ ಕಣ್ಣಿಡಿ: ತಾಯಿಯ ಅಣ್ಣತಮ್ಮಂದಿರು, ತಾಯಿಯ ಅಕ್ಕತಂಗಿಯರ ಗಂಡುಮಕ್ಕಳು. ಹೆಣ್ಣಿನಲ್ಲಿ ಅಡಗಿ ಗಂಡಿನಲ್ಲಿ ಕಾಣುವ ಕಾಯಿಲೆಗಳುಂಟು. ಮಾವನಿಗೆ ಹಲ್ಲು ಕೀಳಿಸಿದರೆ ಮೂರು ದಿನ ರಕ್ತ, ಸುನ್ನತಿ ಮಾಡಿದ ಹುಡುಗನಿಗೆ ರಕ್ತ ನಿಲ್ಲಲಿಲ್ಲ ಅಂದರೆ ಹಿಮೋಫಿಲಿಯಾ ಯೋಚಿಸಬೇಕು. ಐದಾರು ವರ್ಷದ ಹುಡುಗ ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ತಾನೇ ಕೈಯೂರಿ ಹತ್ತಿದ ಹಾಗೆ ಏಳುತ್ತಿದ್ದರೆ, ಮೀನಖಂಡ ದಪ್ಪಗಿದ್ದರೆ, ಮಾವನೊಬ್ಬ ಹಾಗೇ ನಡೆಯಲಾರದೆ ಹೋಗಿದ್ದರೆ ತಡಮಾಡಬೇಡಿ. ರಕ್ತಕಣ ಒಡೆಯದಂತೆ ಕಾಯುವ ಕಿಣ್ವ ಕಮ್ಮಿಯಿರುವ ಜಿ6ಪಿಡಿ ಕೊರತೆಯೂ ಈ ದಾರಿಯದ್ದೇ. ಯಾವುದೋ ಮಾತ್ರೆ ನುಂಗಿ ಮಾವನಿಗೆ ಕಾಫಿ ಬಣ್ಣದ ಮೂತ್ರ ಬಂದಿತ್ತು ಅಂದರೆ ಕಿವಿ ನಿಮಿರಬೇಕು. ಅಂಥ ಮನೆಯ ಗಂಡುಕೂಸಿಗೆ ಟ್ರಂಕಿನಲ್ಲಿ ಡಾಂಬರ್ ಗುಳಿಗೆ ಹಾಕಿಟ್ಟ ಹಳೇ ಬಟ್ಟೆ ಸುತ್ತಿದರೂ ರಕ್ತ ಒಡೆದು ಕಾಮಾಲೆ ಏರಬಹುದು. ಬಾಣಂತನದ ಬಟ್ಟೆಗೆ ಅಂತ ಗುಳಿಗೆ ಕೇಳಿಕೊಂಡು ಬಂದವರಿಗೆ ನಾನು ಕೊಡುವುದಿಲ್ಲ. ಬೇವಿನ ಸೊಪ್ಪು ಹಾಕಿ ಅಂತ ಕಳಿಸುತ್ತೇನೆ. ನಾಲ್ಕು ರೂಪಾಯಿ ನಷ್ಟ.

ರಕ್ತದ್ದೋ, ಮನೆಯದ್ದೋ

ನಮ್ಮ ಜಿಲ್ಲೆಯವರು ಇಲ್ಲಿ ಮೋಸ ಹೋಗುವುದು ಜಾಸ್ತಿ. ಒಂದೇ ಮನೆಯಲ್ಲಿ ನಾಲ್ಕು ಜನಕ್ಕೆ ಇದೆ ಅಂದಮಾತ್ರಕ್ಕೆ ಅದು ವಂಶದ್ದಲ್ಲ.

ಶಿಡ್ಲಘಟ್ಟದಲ್ಲಿ ಬೀದಿಗೆ ನಾಲ್ಕು ರೀಲಿಂಗ್ ಮನೆ, ರೇಷ್ಮೆಗೂಡಿನಿಂದ ನೂಲು ತೆಗೆಯುವ ಜಾಗ. ಬೆಳಗಿನ ಜಾವಕ್ಕೇ ಗೂಡು ಬೇಯಿಸುವ ಬಿಸಿನೀರಿನ ಆವಿ, ಸತ್ತ ಹುಳುವಿನ ವಾಸನೆ, ಒಲೆಯ ಹೊಗೆ. ಅಲ್ಲಿ ದುಡಿಯುವವರಿಗೆ ರೇಷ್ಮೆಯ ಧೂಳಿನಿಂದಲೇ ಉಬ್ಬಸ ಹತ್ತುವುದುಂಟು. ನನ್ನ ಅಂಗಡಿಯಲ್ಲಿ ಆಸ್ತಾಲಿನ್ ಇನ್ಹೇಲರ್ ಓಡುವ ವೇಗ ನೋಡಿದರೆ ಗೊತ್ತಾಗುತ್ತೆ. ‘ನಮ್ಮದು ಉಬ್ಬಸದ ವಂಶ’ ಅನ್ನುವವರನ್ನು ನಾನು ಕೇಳುವುದು ಎರಡೇ: ರೀಲಿಂಗ್ ಕೆಲಸಕ್ಕೆ ಸೇರುವ ಮುಂಚೆ ಇತ್ತಾ? ನೆಂಟರ ಊರಿಗೆ ಹೋಗಿ ನಾಲ್ಕು ದಿನ ಇದ್ದರೆ ಕಮ್ಮಿಯಾಗುತ್ತಾ? ಕಮ್ಮಿಯಾಗುತ್ತೆ ಅಂದರೆ ಮಗುವನ್ನು ಗೂಡು ಬೇಯಿಸುವ ಬೇಸಿನ್ ಪಕ್ಕ ಜೋಲಿ ಕಟ್ಟಿ ಮಲಗಿಸುವುದನ್ನು ಮೊದಲು ನಿಲ್ಲಿಸಬೇಕು. ಮುಂಚಿನಿಂದಲೂ ಇತ್ತು, ಜೊತೆಗೆ ಮೈ ತುರಿಕೆ, ಬೆಳಿಗ್ಗೆ ಎದ್ದೊಡನೆ ಸೀನು ಅಂದರೆ ರಕ್ತದ್ದೂ ಇರಬಹುದು. ಎರಡೂ ಒಟ್ಟಿಗಿರುವುದೂ ಉಂಟು. ಆಗ ಆ ಮಗುವನ್ನು ಹೊಗೆಯಿಂದ ಇನ್ನಷ್ಟು ದೂರ ಇಡಬೇಕು.

ಭಾವನ ಊರು ಬಾಗೇಪಲ್ಲಿ ಕಡೆ. ಮನೆಮಾತು ತೆಲುಗು. ಅವರ ಮನೆಯ ಅಣ್ಣತಮ್ಮಂದಿರೆಲ್ಲರ ಹಲ್ಲೂ ಕಂದು ಪಟ್ಟೆ. ‘ಮಾ ವಂಶಂ ಪಳ್ಳೇ ಅಂತೇ’ (ನಮ್ಮ ವಂಶದ ಹಲ್ಲೇ ಹಾಗೆ) ಅಂತ ಭಾವನ ತಾಯಿ ನಗುತ್ತಿದ್ದರು. ಆದರೆ ಆ ಮನೆಗೆ ಬೇರೆ ಊರಿಂದ ಬಂದ ಸೊಸೆಯರ ಹಲ್ಲು ನೋಡಿ, ಬೆಳ್ಳಗಿದೆ. ನಮ್ಮಕ್ಕನದೂ ಅಷ್ಟೆ. ಅಲ್ಲೇ ಹುಟ್ಟಿ ಬೆಳೆದ ಪಕ್ಕದ ಮನೆಯವರಿಗೆ, ನೆಂಟಸ್ತಿಕೆ ಏನೇನೂ ಇಲ್ಲದಿದ್ದರೂ, ಅದೇ ಕಂದು. ವಂಶವಲ್ಲ ಅದು, ಬೋರ್‌ವೆಲ್. ನೀರಿನ ಫ್ಲೋರೈಡ್ ಹಲ್ಲಿನ ಪಿಂಗಾಣಿ ಕೂಡುವ ಎಂಟು ವರ್ಷದೊಳಗೆ ಹೊಟ್ಟೆಗೆ ಹೋದರೆ ಮಾತ್ರ ಹಲ್ಲಿಗೆ ಈ ಪಟ್ಟೆ ಬೀಳುತ್ತೆ. ದೊಡ್ಡವರಾದ ಮೇಲೆ ಬಂದವರ ಹಲ್ಲು ಹಾಗೇ ಉಳಿಯುತ್ತೆ, ಆದರೆ ವರ್ಷಗಟ್ಟಲೆ ಕುಡಿದರೆ ಮೂಳೆ-ಕೀಲು ಹಿಡಿದುಕೊಳ್ಳುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಮಗುವಿಗೆ ಬೇಡ. ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತೆ. ಶುದ್ಧ ನೀರಿನ ಘಟಕದಿಂದ ತನ್ನಿ, ಇಲ್ಲವೇ ಮಳೆನೀರು ಹಿಡಿಯಿರಿ. ಕಾಯಿಲೆಯ ಹಾಳೆಯಲ್ಲಿ ಇಂಥ ಕಡೆ ನಾನು ಚೌಕಕ್ಕೆ ಮಸಿ ತುಂಬುವುದಿಲ್ಲ, ಪಕ್ಕದಲ್ಲಿ ‘ನೀರು’ ಅಂತ ಬರೆಯುತ್ತೇನೆ.

ಕ್ಷಯವೂ ಹೀಗೆ. ಅದು ರಕ್ತದಲ್ಲಿ ಬರುವುದಿಲ್ಲ, ಒಂದೇ ಕೋಣೆಯ ಗಾಳಿಯಲ್ಲಿ ಬರುತ್ತೆ. ಮನೆಯಲ್ಲಿ ಅಜ್ಜನಿಗೆ ಈಗ ಶ್ವಾಸಕೋಶದ ಟಿಬಿ ಅಂದರೆ, ಐದು ವರ್ಷದೊಳಗಿನ ಮಗುವಿಗೆ ಕೆಮ್ಮಿಲ್ಲದಿದ್ದರೂ ತೋರಿಸಿ. ಕಾಯಿಲೆಯಿಲ್ಲ ಅಂತ ಖಾತ್ರಿಯಾದ ಮೇಲೆ ತಡೆಗಟ್ಟುವ ಮಾತ್ರೆಯನ್ನು ಸರ್ಕಾರವೇ ಬಿಟ್ಟಿ ಕೊಡುತ್ತೆ.

ಮಾತ್ರೆ ಡಬ್ಬಿ

ಬಾಯಿ ಬಿಡದವರ ಮನೆಯಲ್ಲಿ ಮಾತ್ರೆ ಡಬ್ಬಿ ಕೇಳಿ. ಹಳೇ ಬಿಸ್ಕತ್ತಿನ ಡಬ್ಬಿಯೋ, ಫ್ರಿಜ್ಜಿನ ಮೇಲಿನ ಪ್ಲಾಸ್ಟಿಕ್ ಕವರೋ ಎಲ್ಲ ಮನೆಯಲ್ಲೂ ಇರುತ್ತೆ. ಎಲ್ಟ್ರಾಕ್ಸಿನ್ ಇದ್ದರೆ ಥೈರಾಯ್ಡ್. ಎಪ್ಟಾಯಿನ್ ಇದ್ದರೆ ಫಿಟ್ಸ್ ಇರಬಹುದು. ಇಕೋಸ್ಪ್ರಿನ್ ಜೊತೆ ಅಟೋರ್ವಾಸ್ಟಾಟಿನ್ ಇದ್ದರೆ ಹೃದಯವೋ ಲಕ್ವವೋ. ಸಕ್ಕರೆ ಕಾಯಿಲೆಯ ಗ್ಲೈಕೋಮೆಟ್ ಅಂತೂ ಎಲ್ಲ ಡಬ್ಬಿಯಲ್ಲೂ ಇದೆ. ಒಂದೇ ಮಾತ್ರೆ ಎರಡು-ಮೂರು ಕಾಯಿಲೆಗೆ ಕೊಡುವುದುಂಟು. ಆದ್ದರಿಂದ ಸ್ಟ್ರಿಪ್ ನೋಡಿ ನೀವೇ ಹೆಸರಿಡಬೇಡಿ. ‘ಚಿಕ್ಕಮ್ಮ, ಇದು ಯಾವಾಗಿಂದ ತಗೋತಿದ್ದೀಯ?’ ಅಂತ ಕೇಳಲು ಅದೊಂದು ನೆಪ. ಆಮೇಲೆ ಅವರೇ ಹೇಳುತ್ತಾರೆ. ಸ್ಟ್ರಿಪ್‌ನ ಫೋಟೊ ತೆಗೆದಿಟ್ಟುಕೊಳ್ಳಿ.

ಡಾಕ್ಟರ ಮುಂದೆ

ಕ್ಯಾಲೆಂಡರ್ ಹಾಳೆ ಮನೆಯಲ್ಲಿರಲಿ. ಡಾಕ್ಟರಿಗೆ ಬೇಕಾದ್ದು ಮೂರು ಸಾಲು. ಮಕ್ಕಳ ಡಾಕ್ಟರ ಹತ್ತಿರ ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ, ನಮ್ಮ ತಾತನ ರಾಗಿ ಹೊಲದ ಕಥೆಗೆ ಅವರಿಗೆ ಪುರಸೊತ್ತಿಲ್ಲ. ತಾಯಿ ಕಾರ್ಡಿನ ಒಳಗೆ ಒಂದು ಚೀಟಿ ಪಿನ್ ಮಾಡಿಡಿ: ಯಾರಿಗೆ (ಮಗುವಿಗೆ ಏನಾಗಬೇಕು), ಏನು, ಯಾವ ವಯಸ್ಸಿಗೆ. ಶೀತ-ಜ್ವರಕ್ಕೆ ಹೋದಾಗ ತೆಗೆಯಬೇಡಿ. ಹೆರಿಗೆಗೆ ಮುಂಚೆ, ಕೂಸು ಹುಟ್ಟಿದ ವಾರ, ಆಪರೇಷನ್ನಿಗೆ ಮುಂಚೆ, ಮಗು ಬೆಳವಣಿಗೆಯಲ್ಲಿ ಹಿಂದೆ ಬಿದ್ದಿದೆ ಅನ್ನಿಸಿದಾಗ, ಫಿಟ್ಸ್ ಬಂದಾಗ, ಹೊಸ ಡಾಕ್ಟರ ಹತ್ತಿರ ಮೊದಲ ಸಲ ಹೋದಾಗ ತೆಗೆಯಿರಿ. ಮೆಳ್ಳೆಗಣ್ಣು ಮನೆಯಲ್ಲಿದ್ದರೆ ಶಾಲೆಗೆ ಸೇರಿಸುವ ಮುಂಚೆಯೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಯಾರಿಗಾದರೂ ಚಿಕ್ಕಂದಿನಲ್ಲಿ ಕಣ್ಣಿನ ಗಡ್ಡೆಯಾಗಿ ಕಣ್ಣು ತೆಗೆದಿದ್ದರೆ ಕೂಸು ಹುಟ್ಟಿದ ದಿನದಿಂದಲೇ ಪರೀಕ್ಷೆ ಬೇಕು. ಫೋಟೊದಲ್ಲಿ ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ಅವತ್ತೇ ಹೊರಡಿ.

ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಆರೋಗ್ಯ ತಂಡ ಬರುತ್ತೆ. ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಅಂತ, 2013ರಲ್ಲಿ ಶುರುವಾದದ್ದು, ಹುಟ್ಟಿದಾಗಿನಿಂದ 18 ವರ್ಷದವರೆಗೆ. ಅವರು ಬರುವ ದಿನ ಟೀಚರನ್ನು ಕೇಳಿಟ್ಟುಕೊಂಡು ಚೀಟಿಯನ್ನು ಮಗುವಿನ ಬ್ಯಾಗಿನಲ್ಲಿ ಕಳಿಸಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸಿದರೆ ಖರ್ಚಿಲ್ಲದೆ ಮುಂದಿನದು ನಡೆಯುತ್ತೆ. ವಂಶವಾಹಿಯ ಮಟ್ಟದ ಪ್ರಶ್ನೆಯಾದರೆ ಬೆಂಗಳೂರಿಗೇ ಹೋಗಬೇಕು: ನಿಮ್ಹಾನ್ಸ್ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್. ಆಗ ಮಾತ್ರ ಪೂರಾ ಕ್ಯಾಲೆಂಡರ್ ಹಾಳೆ ಸುತ್ತಿಕೊಂಡು ಹೋಗಿ. ಅಲ್ಲಿ ಅದನ್ನು ನೋಡಿ ಖುಷಿಪಡುವವರಿದ್ದಾರೆ.

ಅಕ್ಕನ ಸಿಟ್ಟು

ಹಾಳೆ ನೋಡಿ ಅಕ್ಕ ಸಿಡಿದೆದ್ದಳು. ‘ಹೆಣ್ಣುಮಗು ಇರೋ ಮನೆ ಕಣೋ. ನಾಳೆ ಸಂಬಂಧ ನೋಡೋಕೆ ಬಂದೋರ ಕಣ್ಣಿಗೆ ಬಿದ್ರೆ? ಬರೆದಿಟ್ಟು ಊರಿಗೆಲ್ಲ ಸಾರ್ತೀಯಾ?’ ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಹೆಂಡತಿಯೇ ದಾರಿ ಹುಡುಕಿದಳು: ‘ಮಾವ, ಹೆಸರು ಯಾಕೆ ಬೇಕು? ಡಾಕ್ಟರಿಗೆ ಅಜ್ಜಿ ತಮ್ಮ ಅಂದ್ರೆ ಸಾಕಲ್ಲ.’ ಹಾಗಾಗಿ ನಮ್ಮ ಹಾಳೆಯಲ್ಲಿ ಒಂದು ಹೆಸರೂ ಇಲ್ಲ, ಬರೀ ನೆಂಟಸ್ತಿಕೆ. ಅದು ಬೀರುವಿನಲ್ಲಿ ಸೈಟಿನ ಪತ್ರದ ಜೊತೆ ಇದೆ. ವಾಟ್ಸಾಪ್‌ನ ಕುಟುಂಬದ ಗ್ರೂಪಿಗೆ ಹಾಕಬೇಡಿ. ಅಲ್ಲಿ ದಲ್ಲಾಳಿಯೂ ಇರುತ್ತಾನೆ. ಆದರೆ ಮಗನ ಕಿಣ್ವದ ವಿಷಯವನ್ನು ಮಾತ್ರ ಚಿಕ್ಕಮಾವನ ಮಕ್ಕಳಿಗೆ, ದೊಡ್ಡಮ್ಮನ ಮಕ್ಕಳಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದೆ. ಇಬ್ಬರು ಪರೀಕ್ಷೆ ಮಾಡಿಸಿದರು. ಒಬ್ಬ ‘ನಂಗೇನೂ ಇಲ್ಲ ಬಿಡಣ್ಣ’ ಅಂದ. ಅವನಿಗೆ ರಿಪೋರ್ಟಿನ ನಕಲು ಕಳಿಸಿದ್ದೇನೆ, ಇಟ್ಟುಕೊಂಡಿರಲಿ ಅಂತ.

ವರ್ಷಕ್ಕೊಮ್ಮೆ ಹಾಳೆ ಹೊರಗೆ ಬರುತ್ತೆ, ಅವರೆಕಾಳಿನ ಜೊತೆಗೇ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಅಜ್ಜಿಯರು ಮಾತು ಬದಲಾಯಿಸುತ್ತಾರೆ. ಹೋದ ವರ್ಷ ಅಮ್ಮ, ಚಿಕ್ಕಮಾವನದು ಹೊಟ್ಟೆ ಆಪರೇಷನ್ ಅಲ್ಲ, ಹರ್ನಿಯಾ ಅಂದಳು.

ಮಗನಿಗೀಗ ಹನ್ನೊಂದು. ಅವನ ಶಾಲೆಯ ಐಡಿ ಕಾರ್ಡಿನ ಹಿಂದೆ ಲ್ಯಾಮಿನೇಟ್ ಮಾಡಿದ ಚೀಟಿ ಇದೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇಷ್ಟು ಬರೆದಿದೆ: ‘ಈ ಹುಡುಗನಿಗೆ ಕೋಲಿನ್‌ಎಸ್ಟರೇಸ್ ಕಮ್ಮಿ. ಸ್ಕೋಲಿನ್ ಕೊಡಬೇಡಿ. ಅಜ್ಜಿಯ ತಮ್ಮನಿಗೂ ಇತ್ತು. ತಂದೆ-ತಾಯಿ ಸೋದರಮಾವ-ಸೊಸೆ.’ ಕೆಳಗೆ ನನ್ನ ಫೋನ್ ನಂಬರ್, ರಕ್ತದ ಗುಂಪು. ಕೊನೆಯ ಸಾಲನ್ನು ಅವನ ಕ್ಲಾಸಿನ ಹುಡುಗರು ಓದಿ, ‘ನಿಮ್ಮಪ್ಪ ನಿಮ್ಮಮ್ಮಂಗೆ ಮಾವನೇನೋ?’ ಅಂತ ರೇಗಿಸಿದರಂತೆ. ‘ಹೂಂ, ನಿಮ್ಮನೇಲಿ ಅಲ್ವಾ?’ ಅಂದನಂತೆ ಇವನು. ಮೂರು ಜನ ಸುಮ್ಮನಾದರಂತೆ.